ಹುಣಸೆಬೀಜದ ಗಡಿಗೆ

ಬಳ್ಳಾರಿಗೆ ರೈಲು ಹೊಸದಾಗಿ ಬಂದ ದಿನಗಳವು. ಕುರುಗೋಡಿನಲ್ಲಿ ನಮ್ಮ ಪಕ್ಕದ ಮನೆಯ ಕಂಬಳಿ ನೇಕಾರ, ಯಾರು ಯೋಗಕ್ಷೇಮ ಕೇಳಿದರೂ "ನೂಲು ನಡದೈತ್ರಿ" ಎನ್ನುತ್ತಿದ್ದ. ಅವನು ನೂಲಿಗೆ ಬಳಿಯುವ ಗಂಜಿಗೆಂದು ನಾನು ಹುಣಸೆಬೀಜ ಕೂಡಿಡುತ್ತಿದ್ದೆ.

ಸಿರುಗುಪ್ಪದ ಮದುವೆಯೊಂದಕ್ಕೆ ಮದುಮಕ್ಕಳ ಗದ್ದುಗೆಗೆ ಹಾಸುವ ಕಂಬಳಿ ನೇಯಲು ಅವನು ಓಣಿಯುದ್ದಕ್ಕೂ ನೂಲು ಹಾಸಿದ್ದಾಗ, ಬೆದರಿದ ಎಮ್ಮೆಯೊಂದು ನುಗ್ಗಿ ಎಲ್ಲವನ್ನೂ ಹರಿದುಹಾಕಿತು. ಮದುವೆಗೆ ಹತ್ತೇ ದಿನವಿತ್ತು. ಎರಡು ದಿನ ಅವನು ಕಟ್ಟೆಯ ಮೇಲೆ ಕೂತು ತುಂಡು ನೂಲನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. "ಹೆಂಗದಿಯಪ್ಪಾ?" ಎಂದರೂ ಮಾತಿಲ್ಲ.

ಮೂರನೆಯ ಬೆಳಿಗ್ಗೆ ಅದೇ ಎಮ್ಮೆ ಬಂದು, ಕಟ್ಟೆಗೆ ಅಂಟಿದ್ದ ಗಂಜಿಯನ್ನು ನೆಕ್ಕತೊಡಗಿತು.

"ರುಚಿ ಹತ್ತಿತೇನ್ಲೇ ನಿನಗ?" ಎಂದು ಅದರ ಕೊರಳು ತುರಿಸುತ್ತಾ ನಕ್ಕುಬಿಟ್ಟ. ಆಮೇಲೆ ಎದ್ದು ನಮ್ಮ ಬಾಗಿಲಿಗೆ ಬಂದ.

"ಅಕ್ಕಾರ, ಬೀಜ ಅದಾವೇನ್ರಿ?"

ಗಡಿಗೆಯನ್ನೇ ಕೈಗಿಟ್ಟೆ. ಹೊತ್ತುಕೊಂಡು ಹೋಗುವಾಗ, ನಾನೇನೂ ಕೇಳದಿದ್ದರೂ, "ನೂಲು ನಡದೈತ್ರಿ" ಎಂದ.