ಮೂರನೆಯ ಟಕ್

ಟಪ್, ಟಕ್. ಟಪ್, ಟಕ್. ಟಪ್, ಟಕ್.

ನೆಲಕ್ಕೊಂದು, ಎದುರಿನವಳ ಸ್ಟಿಕ್ಕಿಗೊಂದು. ಹೀಗೆ ಮೂರು ಸಲ. ಆಮೇಲೆ ನಡುವೆ ಇಟ್ಟ ಚೆಂಡು ಯಾರ ಸ್ಟಿಕ್ಕಿಗೆ ಮೊದಲು ಸಿಕ್ಕಿತೋ ಅವರದು. ಹಾಕಿಯಲ್ಲಿ ಇದಕ್ಕೆ ಬುಲ್ಲಿ ಎನ್ನುತ್ತಿದ್ದರು. ನಾವು ಆಡುವ ಕಾಲಕ್ಕೆ ಆಟ ಶುರುವಾಗುತ್ತಿದ್ದುದೇ ಹೀಗೆ. ಈಗ ಸುಮ್ಮನೆ ಒಂದು ಪಾಸ್ ಕೊಟ್ಟು ಶುರು ಮಾಡುತ್ತಾರೆ. ಮಾಡಲಿ. ನನ್ನ ಕಿವಿಯಲ್ಲಿ ಮಾತ್ರ ಆ ಸದ್ದು ಮೂರನೆಯ ಟಕ್ಕಿನ ಮೇಲೆ ನಿಂತಿದೆ. ಮುಂದಕ್ಕೂ ಹೋಗುವುದಿಲ್ಲ, ಮುಗಿಯುವುದೂ ಇಲ್ಲ.

ಮೊನ್ನೆ ಮಧ್ಯಾಹ್ನ ಗೊತ್ತಿಲ್ಲದೆ ರಿಮೋಟಿನ ಮೇಲೆ ಕೂತುಬಿಟ್ಟೆ. ಚಾನೆಲ್ ಬದಲಾಗಿ ಐಸ್ ಹಾಕಿ ಬಂತು. ಮತ್ತೆ ಏಳುವುದಕ್ಕೆ ಮಂಡಿ ಒಪ್ಪಲಿಲ್ಲ, ಹಾಗಾಗಿ ನೋಡಿದೆ. ಮೈತುಂಬ ಹಾಸಿಗೆ ಸುತ್ತಿಕೊಂಡಂತಿದ್ದ ಹೆಣ್ಣುಮಕ್ಕಳು ಜಾರುತ್ತಾ, ಡಿಕ್ಕಿ ಹೊಡೆಯುತ್ತಾ ಆಡುತ್ತಿದ್ದರು. ಪರದೆಯ ಮೂಲೆಯಲ್ಲಿ ಒಂದು ಗಡಿಯಾರ. ಸೀಟಿ ಊದಿದ ಕ್ಷಣ ಅದು ನಿಂತಿತು. ಆಟ ಮತ್ತೆ ಶುರುವಾಯಿತು, ಅದೂ ಓಡಿತು. ಒಂದೇ ಒಂದು ಸೆಕೆಂಡ್ ಆ ಹುಡುಗಿಯರಿಗೆ ನಷ್ಟವಾಗಲಿಲ್ಲ. ಇದನ್ನು ನೋಡಿ ಸಂತೋಷಪಡಬೇಕಿತ್ತು, ಅಲ್ಲವೇ? ನನಗೆ ಮೈಯೆಲ್ಲ ಉರಿದುಹೋಯಿತು.

ಯಾಕೆ ಎಂದು ಹೇಳಬೇಕಾದರೆ ಸಿಸ್ಟರ್ ಅಗಾಥಾ ಅವರಿಂದ ಶುರು ಮಾಡಬೇಕು. ಶಿವಮೊಗ್ಗದ ನಮ್ಮ ಕಾನ್ವೆಂಟಿನಲ್ಲಿ ಅವರೇ ಗೇಮ್ಸ್ ಟೀಚರ್. ಕೆನಡಾದವರು, ಹೆಪ್ಪುಗಟ್ಟಿದ ಕೆರೆಯ ಮೇಲೆ ಅಣ್ಣಂದಿರ ಜೊತೆ ಐಸ್ ಹಾಕಿ ಆಡಿ ಬೆಳೆದವರು. ಕೆರೆ ಕಲ್ಲಿನಂತಾಗುತ್ತದೆ ಎಂದರೆ ನಾವು ನಂಬಬೇಕಲ್ಲ! "ನಮ್ಮ ತುಂಗೆ ಹಂಗೆ ಗಟ್ಟಿಯಾದ್ರೆ ಬಟ್ಟೆ ಎಲ್ಲಿ ಒಗೀಬೇಕು ಸಿಸ್ಟರ್?" ಎಂದು ಕೇಳಿ ನಾನು ಮೈದಾನ ಸುತ್ತು ಹಾಕುವ ಶಿಕ್ಷೆ ಪಡೆದಿದ್ದೆ.

ಅವರು ವಿವರಿಸುತ್ತಿದ್ದರು: ಐಸ್ ಹಾಕಿಯಲ್ಲಿ ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಭಾಗ, ಸೀಟಿ ಊದಿದಾಗಲೆಲ್ಲ ಗಡಿಯಾರ ನಿಲ್ಲುತ್ತದೆ. ನಮ್ಮ ಹುಲ್ಲಿನ ಹಾಕಿಯಲ್ಲಿ ಆಗ ಗಂಡಸರಿಗೆ ಮೂವತ್ತೈದು ನಿಮಿಷದ ಎರಡು ಭಾಗ, ಸ್ಕೂಲು ಹುಡುಗಿಯರಿಗೆ ಇಪ್ಪತ್ತೈದರ ಎರಡು. ಚೆಂಡು ಚರಂಡಿಗೆ ಬೀಳಲಿ, ಎಮ್ಮೆ ಮೈದಾನಕ್ಕೆ ನುಗ್ಗಲಿ, ಗಡಿಯಾರ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ಇದು ಸಿಸ್ಟರ್‌ಗೆ ಕೊನೆಗೂ ಒಗ್ಗಲಿಲ್ಲ. "ಚೆಂಡು ಹುಡುಕೋ ಟೈಮ್ ಆಟದ ಟೈಮ್ ಅಲ್ಲ, ಗರ್ಲ್ಸ್" ಎನ್ನುತ್ತಾ ಸ್ಟಾಪ್‌ವಾಚನ್ನು ಒತ್ತಿ ನಿಲ್ಲಿಸಿಬಿಡುತ್ತಿದ್ದರು. ನಮ್ಮ ಇಪ್ಪತ್ತೈದು ನಿಮಿಷ ಸಂಜೆ ಪ್ರೇಯರ್ ಬೆಲ್ ಹೊಡೆಯುವವರೆಗೂ ಎಳೆಯುತ್ತಿತ್ತು. ಇದರಿಂದ ನಮಗೊಂದು ಕೆಟ್ಟ ಅಭ್ಯಾಸ ಅಂಟಿತು. ಬೇರೆಯವರಿಗೆ ಸುಸ್ತಾಗುವ ಹೊತ್ತಿಗೆ ನಮಗೆ ಆಟ ಹತ್ತುತ್ತಿತ್ತು. ಮುಂದೆ ಬೇಕಾದಷ್ಟು ಹೊತ್ತು ಇದೆಯಲ್ಲ ಎಂಬ ಶ್ರೀಮಂತ ಭಾವನೆಯಲ್ಲೇ ನಾವು ಬೆಳೆದೆವು. ಹೊತ್ತು ನಮ್ಮದು ಎಂದುಕೊಂಡಿದ್ದೆವು, ಎಂಥಾ ಪೆದ್ದುಗಳು!

ಭದ್ರಾವತಿಯಲ್ಲಿ ಆ ವರ್ಷ ಒಂದು ಕ್ಲಬ್ಬಿನವರು ಗಂಡಸರ ಟೂರ್ನಮೆಂಟ್ ಇಟ್ಟಿದ್ದರು. ಅದರ ಫೈನಲ್ಲಿಗೆ ಮುಂಚೆ ನಮ್ಮದೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಾಲೋನಿ ಹುಡುಗಿಯರದೂ ಒಂದು ಪಂದ್ಯ. ಗೆದ್ದವರು ಬೆಂಗಳೂರಿಗೆ, ರಾಜ್ಯಮಟ್ಟದ ಪಂದ್ಯಕ್ಕೆ. ನಮಗೆ ಅದು ಬದುಕು. ಕ್ಲಬ್ಬಿನವರಿಗೆ ಶಾಮಿಯಾನ ತುಂಬುವವರೆಗಿನ ಟೈಮ್‌ಪಾಸ್.

ಆ ಕಡೆಯ ಕ್ಯಾಪ್ಟನ್ ಕನಕವಲ್ಲಿ. ಕಾರ್ಖಾನೆಯಲ್ಲಿ ಕುಲುಮೆ ಕೆಲಸ ಮಾಡುತ್ತಿದ್ದ ತಮಿಳಿನವರ ಮಗಳು. ಪ್ರತಿ ವರ್ಷ ಎದುರುಬದುರು ಆಡಿ ಆಡಿ ನನಗೆ ಸ್ನೇಹಿತೆಯಾಗಿದ್ದಳು. ಅವತ್ತು ನೀರಿನ ಹಂಡೆಯ ಹತ್ತಿರ ಸಿಕ್ಕಳು.

"ಇವತ್ತೊಂದು ದಿನ ನನ್ನ ಬಿಟ್ಬಿಡು ಮಾರಾಯ್ತಿ" ಎಂದಳು. "ಗೆದ್ರೆ ಇನ್ನೊಂದು ವರ್ಷ ಆಡ್ಕೋ ಅಂದಿದಾರೆ ಅಪ್ಪ. ಸೋತ್ರೆ ಸ್ಟಿಕ್ಕು ಅಟ್ಟಕ್ಕೆ, ನಾನು ಅತ್ತೆ ಮನೆಗೆ."

"ಬಿಡ್ತೀನಿ ಬಾ, ಕಾಲು ಮುರಿದು ಬಿಡ್ತೀನಿ" ಎಂದೆ.

"ಮುರಿ, ಮುರಿ. ಕುಂಟಿ ಅಂತ ಆದ್ರೂ ಮದುವೆ ತಪ್ಪುತ್ತೆ" ಎಂದು ನಕ್ಕಳು.

ಒಂದಕ್ಕೊಂದು ಗೋಲು ಸಮವಾಗಿತ್ತು. ಎರಡನೆಯ ಭಾಗದಲ್ಲಿ ಕನಕ ನಮ್ಮವರನ್ನೆಲ್ಲ ದಾಟಿಕೊಂಡು ಬಂದಳು. ನಮ್ಮ ಗೋಲ್‌ಕೀಪರ್ ಮುಂದೆ ಓಡಿ ಬಂದು ಜಾರಿ ಬಿದ್ದಳು. ಉಳಿದವಳು ಬ್ಯಾಕ್ ಆಡುತ್ತಿದ್ದ ನಾನೊಬ್ಬಳೇ. ಬೇಕೆಂದೇ ಕಾಲು ಅಡ್ಡ ಇಟ್ಟು ಚೆಂಡು ನಿಲ್ಲಿಸಿದೆ. ಅಂಪೈರ್ ಪೆನಾಲ್ಟಿ ಬುಲ್ಲಿ ಕೊಟ್ಟ. ಎಂದರೆ, ಮಿಕ್ಕವರೆಲ್ಲ ದೂರ ನಿಲ್ಲಬೇಕು. ತಪ್ಪು ಮಾಡಿದವಳೂ ಎದುರಾಳಿಯೊಬ್ಬಳೂ ಗೋಲಿನ ಮುಂದೆ ಮುಖಾಮುಖಿ ನಿಂತು ಬುಲ್ಲಿ ಮಾಡಬೇಕು. ನಾನು, ಕನಕ, ಒಂದು ಚೆಂಡು. ಅಷ್ಟೇ.

ಟಪ್, ಟಕ್. ಟಪ್, ಟಕ್. ಟಪ್, ಟಕ್.

ಸೀಟಿ ಬಿತ್ತು. ಅಂಪೈರ್ ಊದಿದ್ದಲ್ಲ. ಶಾಮಿಯಾನದ ಕಡೆಯಿಂದ ಕ್ಲಬ್ಬಿನ ಸೆಕ್ರೆಟರಿ ಊದುತ್ತಾ, ಕೈ ಬೀಸುತ್ತಾ ಮೈದಾನದೊಳಕ್ಕೆ ಬರುತ್ತಿದ್ದರು. ಚೀಫ್ ಗೆಸ್ಟ್ ಕಾರು ಬಂದಿತ್ತು.

"ಸಾಕು ಸಾಕು, ಆಚೆ ಬನ್ನಿ ಎಲ್ರೂ!"

ಸಿಸ್ಟರ್ ಅಗಾಥಾ ಬಿಳಿ ಅಂಗಿ ಎತ್ತಿ ಹಿಡಿದು ಓಡಿಬಂದರು. ಕೈಯಲ್ಲಿ ಸ್ಟಾಪ್‌ವಾಚ್. "ಇನ್ನೂ ಒಂಬತ್ತು ನಿಮಿಷ ಇದೆ!"

"ನಿಮ್ಮ ವಾಚು ಐಸ್ ಮೇಲೆ ಓಡ್ತದೆ ಸಿಸ್ಟರ್" ಎಂದರು ಸೆಕ್ರೆಟರಿ. ಸುತ್ತ ನಿಂತವರೆಲ್ಲ ನಕ್ಕರು. ಸಿಸ್ಟರ್ ಲೆಕ್ಕ ಐಸಿನದೇ ಇರಬಹುದು. ಆದರೆ ಅಂಪೈರನ ವಾಚಿನಲ್ಲೂ ಮೂರು ನಿಮಿಷ ಬಾಕಿ ಇತ್ತು. ಅವನು ಅದನ್ನು ನೋಡಿಕೊಂಡು ಸುಮ್ಮನೆ ನಿಂತಿದ್ದ.

"ಟೈಮ್ ಮುಗಿದರೂ ಈ ಬುಲ್ಲಿ ಮುಗಿಯೋ ತನಕ ಆಟ ನಿಲ್ಲಿಸೋ ಹಾಗಿಲ್ಲ. ಇಟ್ ಈಸ್ ದ ರೂಲ್!" ಎಂದರು ಸಿಸ್ಟರ್.

"ರೂಲ್ಸೆಲ್ಲ ಇರ್ಲಿ. ಹುಡುಗೀರ ಆಟ, ನಾಕು ನಿಮಿಷ ಹೆಚ್ಚುಕಡಿಮೆ ಆದ್ರೆ ಯಾವ ರಾಜ್ಯ ಮುಳುಗುತ್ತೆ? ಟಾಸ್ ಹಾಕಿಬಿಡೋಣ."

ಹಾಕಿಯೇಬಿಟ್ಟರು. ನಾಣ್ಯ ನಮ್ಮ ಕಡೆ ಬಿತ್ತು. ಶಾಮಿಯಾನದವರು ಚಪ್ಪಾಳೆ ಹೊಡೆದರು. ನನಗೆ ಎಲ್ಲಿತ್ತೋ ಸಿಟ್ಟು, "ಶೇಮ್! ಶೇಮ್ ಆನ್ ಯೂ!" ಎಂದು ಕಿರುಚಿದೆ. ಸೆಕ್ರೆಟರಿ ಚೀಫ್ ಗೆಸ್ಟ್ ಕಡೆ ತಿರುಗಿ, "ಕಾನ್ವೆಂಟ್ ಮಕ್ಕಳು, ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾರೆ ನೋಡಿ ಸಾರ್" ಎಂದರು. ಬೈಗುಳಕ್ಕೂ ಮಾರ್ಕ್ಸ್ ಕೊಟ್ಟುಬಿಡುವ ಜನರ ಮುಂದೆ ಏನು ಮಾಡುತ್ತೀರಿ ಹೇಳಿ? ಆಮೇಲೆ ನಾನು ಬೈಯುವುದೇನಿದ್ದರೂ ಕನ್ನಡದಲ್ಲೇ.

ಕನಕ ಮಾತ್ರ ನಿಂತಲ್ಲಿಂದ ಕದಲಿರಲಿಲ್ಲ. ಸ್ಟಿಕ್ಕು ಚೆಂಡಿನ ಪಕ್ಕದಲ್ಲೇ ಇತ್ತು. ಗಂಡಸರ ಆಟಕ್ಕೆ ಸುಣ್ಣದ ಗೆರೆ ಎಳೆಯುವವನು ಬಂದು "ಪಕ್ಕಕ್ಕೆ ಸರೀರಮ್ಮಾ" ಎಂದ ಮೇಲೆ ತಲೆ ಎತ್ತಿದಳು.

"ನಾನು ಹೊಡೀತಿದ್ದೆ ಕಣೇ" ಎಂದಳು.

"ನಾನು ತಡೀತಿದ್ದೆ" ಎಂದೆ.

ಬೆಂಗಳೂರಿಗೆ ನಾವು ಹೋದೆವು, ಮೊದಲ ಪಂದ್ಯದಲ್ಲೇ ಸೋತೆವು. ಅದಕ್ಕೆ ನನಗೆ ದುಃಖವಿಲ್ಲ. ಅದನ್ನು ಪೂರ್ತಿ ಆಡಿ ಸೋತಿದ್ದು. ಕನಕಳ ಮದುವೆ ಮಳೆಗಾಲಕ್ಕೆ ಮುಂಚೆಯೇ ಆಯಿತಂತೆ.

ಈಗ ಹಾಕಿಗೆ ಹದಿನೈದು ನಿಮಿಷದ ನಾಲ್ಕು ಭಾಗ. ದೊಡ್ಡ ಪಂದ್ಯಗಳಲ್ಲಿ ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ಪೆನಾಲ್ಟಿ ಕಾರ್ನರ್ ಕೊಟ್ಟರೆ ಗಡಿಯಾರ ನಿಲ್ಲಿಸುತ್ತಾರೆ ಕೂಡ. ಸಿಸ್ಟರ್ ಅವತ್ತೇ ಹೇಳಿದ್ದು, ಎಲ್ಲರೂ ನಕ್ಕಿದ್ದು, ಇವತ್ತು ಕಾನೂನು. ಇದು ನೆನಪಾದರೆ ನನ್ನ ಸಿಟ್ಟು ಇಳಿಯುವುದಿಲ್ಲ, ಏರುತ್ತದೆ. ಇಷ್ಟು ಸುಲಭವಿತ್ತೇ? ಒಂದು ಬೆರಳು, ಒಂದು ಗುಂಡಿ! "ಹಳೇದೆಲ್ಲ ಬಿಟ್ಟಾಕಿ ಅಮ್ಮಾ, ಬಿ.ಪಿ. ಏರುತ್ತೆ" ಎನ್ನುತ್ತಾರೆ ಮನೆಯಲ್ಲಿ. ಏರಲಿ. ಮಕ್ಕಳಿಗೆ ಹಾಲು ಕಾಯಿಸುವ ಹೊತ್ತು, ನೆಂಟರು ಬರುವ ಹೊತ್ತು, ಯಜಮಾನರು ಆಫೀಸಿನಿಂದ ಬರುವ ಹೊತ್ತು ಎಂದು ನನ್ನ ಹೊತ್ತನ್ನೆಲ್ಲ ಯಾರು ಯಾರಿಗೋ ಬಿಟ್ಟುಕೊಟ್ಟಿದ್ದೇನೆ. ಆ ಮೂರು ನಿಮಿಷ ನಾನು ಬಿಡುವುದಿಲ್ಲ.

ಟಿ.ವಿ. ಆರಿಸಿದ ಮೇಲೆ ನೋಡಿಕೊಳ್ಳುತ್ತೇನೆ, ಊರುಗೋಲಿನಿಂದ ನೆಲ ಕುಟ್ಟುತ್ತಾ ಕೂತಿದ್ದೇನೆ. ಟಪ್. ಟಪ್. ಎದುರಿನ ಟಕ್ ಇಲ್ಲ. ಆಗ, ಎಷ್ಟೋ ದಿನದ ಮೇಲೆ, ಶಿವಮೊಗ್ಗದ ಬಸ್‌ಸ್ಟ್ಯಾಂಡ್ ನೆನಪಾಯಿತು.

ಆಟ ನಿಂತು ಕೆಲವು ವರ್ಷವಾಗಿತ್ತು. ನನಗೂ ಮದುವೆಯಾಗಿತ್ತು. ಭದ್ರಾವತಿ ಬಸ್ಸಿನ ಪಕ್ಕದಲ್ಲಿ ಸಂತೆಯ ಚೀಲ, ಕೊಡೆ ಹಿಡಿದು ಕನಕ ನಿಂತಿದ್ದಳು. ಅವಳ ಗಂಡ ಮಗುವನ್ನೆತ್ತಿಕೊಂಡು ಆಗಲೇ ಬಸ್ಸು ಹತ್ತಿ ಕೂತಿದ್ದರು. ನನ್ನನ್ನು ಕಂಡವಳೇ ಹೇಗಿದ್ದೀ ಎಂದು ಕೂಡ ಕೇಳಲಿಲ್ಲ. ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ನೆಲದ ಮೇಲಿಟ್ಟು, ಕೊಡೆ ತಿರುಗಿಸಿ ಹಿಡಿದಳು.

"ಬಾ."

ನನ್ನ ಕೈಯಲ್ಲೂ ಕೊಡೆ ಇತ್ತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡೆ. ಜನ ನೋಡುತ್ತಿದ್ದರು.

ಟಪ್, ಟಕ್. ಟಪ್, ಟಕ್. ಟಪ್, ಟಕ್.

ಕಂಡಕ್ಟರ್ ಸೀಟಿ ಊದಿದ. ನಾನು, ಬುದ್ಧಿಗೇಡಿ, ಅಭ್ಯಾಸ ನೋಡಿ, ನಿಲ್ಲಿಸಿಬಿಟ್ಟೆ.

"ಊದ್ಕೊಳ್ಳಲಿ ಬಿಡು" ಎಂದು ಕನಕ ಹೊಡೆದಳು. ನಿಂಬೆಹಣ್ಣು ನನ್ನ ಎರಡು ಕಾಲಿನ ನಡುವೆ ನುಗ್ಗಿ ಬಸ್ಸಿನ ಕೆಳಗೆ ಉರುಳಿತು. ಚೀಲ ಎತ್ತಿಕೊಂಡು ಹತ್ತಿದಳು. ಬಸ್ಸು ಹೊರಟಿತು. ಹೊಸ ಗಾಡಿಗೆ ಪೂಜೆ ಮಾಡಿಸಿದಂತೆ ನಿಂಬೆಹಣ್ಣು ಹಿಂದಿನ ಚಕ್ರದಡಿ ಅಪ್ಪಚ್ಚಿಯಾಯಿತು. ಕಿಟಕಿಯಿಂದ ಅವಳು ತಿರುಗಿ ನೋಡಲಿಲ್ಲ. ಗೋಲು ಹೊಡೆದ ಮೇಲೆ ಅವಳು ಯಾವತ್ತೂ ತಿರುಗಿ ನೋಡುತ್ತಿರಲಿಲ್ಲ.