ಕರಿ ದಾರ ಕಟ್ಟಿದ ಡಿಸ್ಕ್

ಸರ್ವರ್ ಮುಟ್ಟುವ ಮೊದಲು ಆಪಾ ಬಲಗೈಯ ಹಸಿರು ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ, ಜಾರದಂತೆ ಕರವಸ್ತ್ರ ಬಿಗಿಯುತ್ತಿದ್ದರು. ಬಳೆಗಳ ಸದ್ದು ನಿಂತಿತೆಂದರೆ ನಾವೂ ಬಾಯಿ ಮುಚ್ಚಬೇಕು. ಉಳಿದ ಹೊತ್ತಿನಲ್ಲಿ ಅವರಂಥ ಮಾತುಗಾರ್ತಿ ವಿಜಯಪುರದಲ್ಲೇ ಇರಲಿಕ್ಕಿಲ್ಲ. ಟಿಕೋಟಾದಿಂದ ಬಸ್ಸಿಳಿದು ಬಂದವರೇ ಸೀಟಿಗಾಗಿ ಆದ ಜಗಳವನ್ನೆಲ್ಲ ಅಭಿನಯಿಸಿ ತೋರಿಸಿ, ನನ್ನ ಡಬ್ಬಿಯ ಶೇಂಗಾ ಚಟ್ನಿ ಬಳಿದುಕೊಂಡ ಮೇಲೆಯೇ ಕೆಲಸ.

ಸಿದ್ಧೇಶ್ವರ ಗುಡಿಯ ಹತ್ತಿರದ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗಕ್ಕೆ ಅವರು ಹಿರಿಯರು, ಎಲ್ಲರಿಗೂ ಆಪಾ, ಎಂದರೆ ಅಕ್ಕ. ನಾನು ಅವರ ಕೈಕೆಳಗಿನವಳು. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಒಂದೇ ಸರ್ವರಿನಲ್ಲಿ. ಅದರೊಳಗೆ ಜೋಡಿ ಡಿಸ್ಕು. ಒಂದರಲ್ಲಿ ಬರೆದದ್ದು ಅದೇ ಗಳಿಗೆಗೆ ಇನ್ನೊಂದರಲ್ಲೂ ಇರುತ್ತದೆ. ಸರ್ವರಿನ ತಂತ್ರಾಂಶಕ್ಕೆ ಆಗಾಗ ಪ್ಯಾಚ್, ಅಂದರೆ ತಿದ್ದುಪಡಿ, ಹಾಕಬೇಕಾಗುತ್ತಿತ್ತು. “ಜೋಡಿ ಅದಲ್ರಿ, ಇನ್ನೇನ್ ಅಂಜಿಕಿ? ಲಗೂನ ಪ್ಯಾಚ್ ಹಾಕ್ರಿ” ಎಂದು ಮ್ಯಾನೇಜರ್ ಅವಸರ ಮಾಡಿದರೆ ಆಪಾ ಕೆರಳುತ್ತಿದ್ದರು.

“ಕನ್ನಡಿ ಇದ್ದಂಗ್ರಿ ಇದು. ಇಲ್ಲಿ ಮಸಿ ಹತ್ತಿದ್ರ ಅಲ್ಲೂ ಮಸೀನ. ಪ್ಯಾಚ್ ಕೈಕೊಟ್ರ ಎರಡೂ ಕೂಡೇ ಕೆಡ್ತಾವು.”

ಅದಕ್ಕೇ ಎರಡೂ ಡಿಸ್ಕಿನ ಹಸಿರು ದೀಪ ನೋಡಿ, ಎರಡೂ ಸರಿಸಮ ಇವೆಯೆಂದು ಪರದೆಯಲ್ಲಿ ಖಾತ್ರಿ ಮಾಡಿಕೊಂಡು, ಒಂದನ್ನು ಹೊರಗೆ ಎಳೆದು ಅದಕ್ಕೆ ಕರಿ ದಾರ ಕಟ್ಟಿ ಎತ್ತಿಡುತ್ತಿದ್ದರು. ಪ್ಯಾಚ್ ಏನಿದ್ದರೂ ಒಳಗುಳಿದದ್ದಕ್ಕೆ.

“ದೃಷ್ಟಿ ತಾಗಬಾರ್ದಂತೇನ್ರಿ ಆಪಾ?” ಎಂದು ನಾನು ಕಾಡುತ್ತಿದ್ದೆ.

“ಹೂಂ ಬೇ, ನಿನ್ನ ದೃಷ್ಟೀನ! ಎರಡೂ ಒಂದ ನಮೂನಿ ಕಾಣ್ತಾವು. ಗಾಬರ್ಯಾಗ ಯಾವುದು ಹಳೇದು, ಯಾವುದು ಹೊಸಾದು ಅಂತ ಗೊತ್ತಾಗಬೇಕಲ್ಲ?”

ಒಂದು ಭಾನುವಾರ ಪ್ಯಾಚ್ ಹಾಕಿದ ಮೇಲೆ ಸರ್ವರ್ ಮೇಲೇಳಲೇ ಇಲ್ಲ. ಪರದೆ ಕಪ್ಪು. ಅಷ್ಟರಲ್ಲಿ ಬಿಜ್ಜರಗಿಯಿಂದ ಅಣ್ಣನ ಫೋನು: ಅವ್ವ ಕೆಮ್ಮಿ ರಕ್ತ ಕಾರಿದ್ದಾಳೆ, ನಮ್ಮ ಆಸ್ಪತ್ರೆಗೇ ಕರೆತರುತ್ತಿದ್ದಾನೆ. ಅವರು ಬರುವವರೆಗೂ ಸರ್ವರ್ ಎಬ್ಬಿಸಲು ನಾವು ಮಾಡಿದ್ದೊಂದೂ ಫಲಿಸಲಿಲ್ಲ. ಬಂದ ಕೂಡಲೇ ತೆಗೆದ ಹೊಸ ಸ್ಕ್ಯಾನಿನಲ್ಲಿ ಎದೆಯೊಳಗೊಂದು ಗಂಟು ಕಂಡಿತು.

“ಎರಡು ವರ್ಷದ ಹಿಂದ ಇಲ್ಲೇ ತಗಸಿದ್ದ ಸ್ಕ್ಯಾನ್ ಬೇಕ್ರಿ” ಎಂದರು ಡಾಕ್ಟರು. “ಗಂಟು ಬೆಳದಿದ್ರ ಇವತ್ತಽ ಆಪರೇಷನ್. ಆದ್ರ ನಿಮ್ಮ ಅವ್ವನ ಹೃದಯ ಅದನ್ನ ತಡಕೊಳ್ತದಂತ ನಾ ಹೇಳಾಂಗಿಲ್ಲ.”

ಆ ಹಳೆಯ ಸ್ಕ್ಯಾನ್ ಇದ್ದದ್ದು ಸತ್ತು ಬಿದ್ದ ಸರ್ವರಿನಲ್ಲಿ. ಬ್ಯಾಕಪ್ಪಿನಿಂದ ಮರಳಿ ತುಂಬಲು ಎರಡು ದಿನ ಹಿಡಿಯುತ್ತಿತ್ತು.

ಮ್ಯಾನೇಜರ್ ಫೋನಿನಲ್ಲಿ, ತೆಗೆದಿಟ್ಟ ಡಿಸ್ಕನ್ನೂ ಒಳಗೆ ಹಾಕಿ, ಎರಡೂ ಕೂಡಿ ನಡೆಯುತ್ತವೆ ಎಂದರು. “ಹಾಕಿಬಿಡೂಣ್ರಿ ಆಪಾ” ಎಂದೆ. ಆಪಾ ನನ್ನ ಮಣಿಕಟ್ಟು ಹಿಡಿದರು.

“ತೌಬಾ! ಎರಡೂ ಕೂಡಿ ಹಾಕಿದ್ರ ಕೆಟ್ಟದ್ದು ಹೋಗಿ ಒಳ್ಳೇದರ ಮ್ಯಾಲೆ ಬರಕೋತದ. ಆಮ್ಯಾಲ ನಿಮ್ಮವ್ವಂದು ಎಲ್ಲಿಂದ ತರ್ಲಿ? ಮೊದಲ ಆ ಕೆಟ್ಟದ್ದನ್ನ ಹೊರಗ ತಗಿ.”

ತೆಗೆದೆ. ದಾರ ಕಟ್ಟಿದ ಡಿಸ್ಕೊಂದೇ ಒಳಗೆ ಹೋಯಿತು. ಇದರಲ್ಲಿರುವ ಹಳೆಯ ಜೋಡಣೆಯನ್ನು ಒಪ್ಪಿಕೊಳ್ಳಲೋ, ಅಳಿಸಲೋ ಎಂದು ಪರದೆ ಕೇಳಿತು. ಆ ಎರಡು ಸಾಲು ಒಂದರ ಕೆಳಗೊಂದು. ಬೆರಳು ಒಂದು ಸಾಲು ತಪ್ಪಿದರೆ ಚಿತ್ರಗಳೆಲ್ಲ ಅಳಿಸಿಹೋದಂತೆ.

“ಆಮ್ಯಾಲ ಅಳು. ಮೊದಲ ಓದು.”

ಮೂಗು ಒರೆಸಿಕೊಂಡು ಗಟ್ಟಿಯಾಗಿ ಓದಿದೆ. ಅವರೂ ಓದಿದರು. ಬೆರಳು ಒಪ್ಪಿಕೊಳ್ಳುವ ಸಾಲಿನ ಮೇಲೇ ಇದೆಯೆಂದು ಇಬ್ಬರಿಗೂ ಖಾತ್ರಿಯಾದ ಮೇಲೆ ಗುಂಡಿ ಒತ್ತಿದರು. ಕಾಯುವಾಗ ಆಪಾರ ತುಟಿಗಳು ದುವಾದಲ್ಲಿ ಅಲುಗುತ್ತಿದ್ದವು. ಸರ್ವರ್ ಎದ್ದಿತು. ಅವ್ವನ ಹೆಸರು ಹೊಡೆದೆ, ಚಿತ್ರ ಬಂತು.

ಡಾಕ್ಟರು ಹಳೆಯದನ್ನೂ ಹೊಸದನ್ನೂ ಬಹಳ ಹೊತ್ತು ನೋಡಿದರು. “ಎಳ್ಳಷ್ಟೂ ಬೆಳದಿಲ್ರಿ. ಹಳೇ ಗಾಯ ಮಾಗಿದ ಗುರ್ತ ಇದು. ರಕ್ತ ಔಷಧದಾಗ ನಿಲ್ತದ, ಕೊಯ್ಯೂದು ಬ್ಯಾಡ.”

ಓಡಿ ಬಂದು ಆಪಾರನ್ನು ತಬ್ಬಿಕೊಂಡು ಹೋ ಎಂದು ಅತ್ತೆ. “ಬಿಡ ಬೇ, ಬಳಿ ಒಡೀತಾವು” ಎಂದರು. ಅವರ ದನಿಯೂ ಒದ್ದೆಯಾಗಿತ್ತು.

ಈಗ ಆಪಾ ನಿವೃತ್ತರಾಗಿ ಟಿಕೋಟಾದಲ್ಲಿದ್ದಾರೆ. ಪ್ಯಾಚ್ ಹಾಕುವ ಮೊದಲು ನಾನು ಅವರಿಗೆ ಫೋನ್ ಮಾಡದೆ ಇರುವುದಿಲ್ಲ. ಹಿಂದೆ ಆಡುಗಳ ಕೂಗು, ಮುಂದೆ ಅವರ ಪ್ರಶ್ನೆ: “ದಾರ ಕಟ್ಟಿದೇನ?” ಆಮೇಲೆ, “ಅವ್ವ ಹ್ಯಾಂಗ ಅದಾಳ?” ಈ ಕ್ರಮ ಎಂದೂ ತಪ್ಪಿದ್ದಿಲ್ಲ.

ಕಳೆದ ಸಲ ಅವ್ವ ತಪಾಸಣೆಗೆಂದು ಬಂದವಳು ನನ್ನ ಪಕ್ಕದಲ್ಲೇ ಕುಳಿತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಕಸಿದುಕೊಂಡಳು.

“ಕಟ್ಯಾಳ್ರಿ ಆಪಾ, ನಾನಽ ನೋಡೀನಿ. ನಾನೂ ಅದೀನಿ.”