ನಾಲ್ಕು ಗಂಟೆಗೆ ನೀರುನಾಯಿ

ತಾಕತ್ತಿದ್ದರೆ ನಂಬಬೇಡಿ, ನೋಡೋಣ. ಬಸ್ ಕಂಡಕ್ಟರನಾಗಿದ್ದಾಗ "ಹಿಂದ ಸೀಟ ಖಾಲಿ ಅದಾವು, ಹತ್ರಿ ಹತ್ರಿ" ಎಂದು ಹತ್ತಿಸಿಕೊಂಡು, ಕುಷ್ಟಗಿ, ಯಲಬುರ್ಗಾದ ಅರ್ಧ ಜನರನ್ನು ನಿಲ್ಲಿಸಿಕೊಂಡೇ ಕೊಪ್ಪಳ ಮುಟ್ಟಿಸಿದವನು ನಾನು. ಮರುದಿನ ಅದೇ ಜನ ಮತ್ತೆ ನಂಬಿ ಹತ್ತುತ್ತಿದ್ದರು. ನೀವೇನು ಮಹಾ!

ನಿವೃತ್ತಿಯಾದ ಮೇಲೆ ಭಾನುವಾರ ಬಂತೆಂದರೆ ಸ್ಕೂಟರ್ ಏರಿ, ಹಿಟ್ನಾಳದಲ್ಲೊಂದು ಚಹಾ ಕುಡಿದು, ಆನೆಗೊಂದಿಯ ಹೊಳೆದಂಡೆಗೆ ಹೋಗುತ್ತಿದ್ದೆ. ಗಂಗಾವತಿಯಿಂದ ಟಂಟಂ ಆಟೋ ಹಿಡಿದು ನನ್ನ ಗೆಳೆಯ ಬರುತ್ತಿದ್ದ. ಅಲ್ಲಿಯ ಮಾರ್ಕೆಟ್ಟಿನಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಲೇ ಮುದುಕನಾದವನು. ನನಗೆ ಅವನು ಉಸ್ತಾದ್, ಅವನಿಗೆ ನಾನು ಕಂಡಕ್ಟರ್ ಸಾಹೇಬ. ಅವನ ಕೈಯಲ್ಲಿ ಉದ್ದ ಲೆನ್ಸಿನ ಕ್ಯಾಮೆರಾ, ನನ್ನ ಕೈಯಲ್ಲಿ ಬರೀ ಫೋನು. ಆದರೂ ನನ್ನ ಫೋಟೋಗಳೇ ಚೆನ್ನಾಗಿರುತ್ತಿದ್ದವು. ಬೇಕಾದರೆ ಯಾರನ್ನೂ ಕೇಳಬೇಡಿ.

ಅವನ ಕಣ್ಣನ್ನು ಸಕ್ಕರೆ ಕಾಯಿಲೆ ತಿನ್ನುತ್ತಿತ್ತು. ದೂರದ್ದೆಲ್ಲ ಹಾಲು ಚೆಲ್ಲಿದ ಗಾಜಿನಂತೆ ಕಾಣುತ್ತಿತ್ತಂತೆ, ಹತ್ತಿರದ್ದೂ ಮಬ್ಬುಮಬ್ಬು. ಅದು ನನಗೊಬ್ಬನಿಗೇ ಗೊತ್ತಿತ್ತು. ಮಗಳಿಗೆ ತಿಳಿದರೆ ಕ್ಯಾಮೆರಾ ಕಸಿದು ಮನೆಯಲ್ಲಿ ಕೂಡಿಸುತ್ತಾಳೆಂದು ಮುಚ್ಚಿಟ್ಟಿದ್ದ. ಹಾಗಾಗಿ ನಮ್ಮದೊಂದು ಪದ್ಧತಿ. ಕಣ್ಣು ನನ್ನದು, ಬೆರಳು ಅವನದು. ಮುಂದಿನ ಹೊಳೆಯನ್ನೆಲ್ಲ ಗಡಿಯಾರದ ಮುಖ ಎಂದುಕೊಂಡು ನಾನು ದಿಕ್ಕು ಹೇಳಬೇಕು.

"ಎರಡು ಗಂಟೆಗೆ ಮಿಂಚುಳ್ಳಿ!"

"ಎರಡಕ್ಕೋ, ಎರಡೂವರಿಗೋ?"

"ಎರಡು ಹತ್ತು. ಲಗೂನ ಒತ್ತೋ, ಅದರ ಬಸ್ಸ ಹೊಂಟೈತಿ!"

ಅವನ ಬೆರಳು ತಪ್ಪುತ್ತಿರಲಿಲ್ಲ.

ಅವನಿಗೆ ನೀರುನಾಯಿಯ ಹುಚ್ಚು. ಹೊಳೆಯಲ್ಲಿವೆ ಎಂದು ಊರೆಲ್ಲ ಹೇಳುತ್ತಿತ್ತು, ನಮಗೆ ಮಾತ್ರ ಒಂದೂ ಸಿಕ್ಕಿರಲಿಲ್ಲ. ಒಂದು ಬೆಳಿಗ್ಗೆ ನನ್ನ ನಾಲಿಗೆ ತುರಿಸಿತು.

"ಉಸ್ತಾದ್! ನಾಲ್ಕು ಗಂಟೆಗೆ ನೀರುನಾಯಿ! ಅಲುಗಾಡಬ್ಯಾಡ!"

"ಖರೇನಾ?"

"ನಿನ್ನ ಕ್ಯಾಮೆರಾದ ಆಣಿ. ಮೀನ ತಿನ್ನಾಕತ್ತೈತಿ. ಮೀಸಿ ನಿನಗಿಂತ ಛಲೋ ಅದಾವು."

ಅಲ್ಲಿದ್ದದ್ದು ಒದ್ದೆಯಾದ ಒಂದು ಕರಿಬಂಡೆ. ಅವನು ಒತ್ತಿದ, ಒತ್ತುತ್ತಲೇ ಇದ್ದ. ಆಮೇಲೆ ಕ್ಯಾಮೆರಾವನ್ನು ಎದೆಗೆ ಅವಚಿಕೊಂಡು ಕುಳಿತ. ಚಹಾ ಕುಡಿಯುವಾಗ ನಿಜ ಹೇಳಿ ನಗೋಣ ಎಂದುಕೊಂಡಿದ್ದೆ. ಆದರೆ ಚಹಾದಂಗಡಿಯಲ್ಲಿ ಅವನು ಗುರುತಿಲ್ಲದವರಿಗೂ ನೀರುನಾಯಿಯ ಸುದ್ದಿ ಹೇಳುತ್ತಿದ್ದ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ. ಮುಂದಿನ ವಾರವೂ ಹೇಳಲಿಲ್ಲ.

ಗಂಗಾವತಿಯ ಕ್ಯಾಮೆರಾ ಗೆಳೆಯರು ಒಂದು ಹಾಲ್‌ನಲ್ಲಿ ಫೋಟೋ ಪ್ರದರ್ಶನ ಇಟ್ಟರು. ಅವನು ನನಗೂ ಹೇಳದೆ ಬಂಡೆಯನ್ನು ಬಾಗಿಲಗಲದ ಫ್ಲೆಕ್ಸ್ ಮಾಡಿಸಿ, ಕೆಳಗೆ "ಮೀನು ತಿನ್ನುತ್ತಿರುವ ನೀರುನಾಯಿ" ಎಂದು ಹಾಕಿಸಿದ್ದ. ನಾನು ಒಳಗೆ ಕಾಲಿಡುವಾಗ ಒಬ್ಬಾಕೆ ಕೇಳುತ್ತಿದ್ದಳು:

"ಅಂಕಲ್, ಇದು ಕಲ್ಲೈತಲ್ರಿ. ನೀರುನಾಯಿ ಎಲ್ಲೈತಿ?"

ಅವನು ಕೈ ಚಾಚಿ, ತಡಕಿ, ಬಂಡೆಯ ಮೇಲೆ ಬೆರಳಿಟ್ಟ. "ಇಲ್ಲೇ ಐತಲ್ರೀ. ಮೀಸಿ ನೋಡ್ರಿ."

ಹಾಲ್ ನಕ್ಕಿತು. ಅವನ ಮಗಳು ನಗಲಿಲ್ಲ. ಹತ್ತಿರ ಬಂದು ಅವನ ಮುಖದ ಮುಂದೆ ಕೈಯಾಡಿಸಿದಳು. "ಅಬ್ಬಾಜಿ, ಇದು ಕಾಣಸ್ತೈತೇನು?"

ಅವನು ನನ್ನ ಕೆಮ್ಮು ಕೇಳಿ ಈ ಕಡೆ ತಿರುಗಿದ.

"ಕಂಡಕ್ಟರ್ ಸಾಹೇಬ, ಆವತ್ತ ಚಹಾ ಕುಡಿಯೋಮುಂದ ಹೇಳಿದ್ರ ನಾನೂ ನಗತಿದ್ನಲ್ಲೋ."

ಕ್ಯಾಮೆರಾ ಕಪಾಟು ಸೇರಿತು. ಫೋನ್ ಮಾಡಿದರೆ ಮಗಳು ಎತ್ತುತ್ತಾಳೆ, ಮಟಮಟ ಮಧ್ಯಾಹ್ನವೂ "ಮಲಗ್ಯಾರ್ರೀ" ಎನ್ನುತ್ತಾಳೆ. ಆದರೂ ಪ್ರತಿ ಭಾನುವಾರ ಹೋಗುತ್ತೇನೆ. ಅದೇ ದಂಡೆಯಲ್ಲಿ ಕುಳಿತು "ಹತ್ತು ಗಂಟೆಗೆ ಕೊಕ್ಕರೆ" ಎಂದು ಜೋರಾಗಿ ಹೇಳುತ್ತೇನೆ. ಕೊಕ್ಕರೆ ಸಾವಕಾಶ ಹಾರಿಹೋಗುತ್ತದೆ.

"ಯಜ್ಜಾ, ಯಾರ ಜೋಡಿ ಮಾತಾಡಾಕತ್ತೀರಿ?" ಎಂದು ತೆಪ್ಪದವನು ಒಮ್ಮೆ ಕೇಳಿದ.

"ನಿನ್ನ ತೆಪ್ಪದ ಜೋಡಿ. ನಿನಗಿಂತ ಬುದ್ಧಿ ಅದಕ್ಕ ಐತಿ" ಎಂದೆ. ಅವನು ನಕ್ಕು ದೂರ ಹೋದ. ನಿಂತು ಇನ್ನೆರಡು ಮಾತಾಡಿ ಹೋಗಬಹುದಿತ್ತು.

ಮೊನ್ನೆ ಭಾನುವಾರ ನೀರು ಸೀಳಿಕೊಂಡು ಒಂದು ಚಪ್ಪಟೆ ತಲೆ ಎದ್ದಿತು. ಬಾಯಲ್ಲಿ ಮೀನು. ಹಿಂದೆಯೇ ಇನ್ನೊಂದು.

"ಒಂಬತ್ತು ಗಂಟೆಗೆ! ನೀರುನಾಯಿ!" ಎಂದು ಕಿರುಚಿದೆ.

ಬೆನ್ನ ಹಿಂದೆ ಕ್ಯಾಮೆರಾ ಸದ್ದಾಯಿತು. ಒಂದಲ್ಲ, ಹತ್ತಾರು ಸಲ.

"ಈ ಸಲ ಎಷ್ಟ ಕಲ್ಲ ಅದಾವು?" ಎಂದ ಉಸ್ತಾದ್.

"ಎರಡು. ಎರಡಕ್ಕೂ ಬಾಲ ಐತಿ."

ಅವನು ಪಕ್ಕದಲ್ಲಿ ಕುಳಿತ. ಬಿಸಿಲೇರುವವರೆಗೂ ಭುಜಕ್ಕೆ ಭುಜ ತಾಗಿಸಿಕೊಂಡೇ ಇದ್ದೆವು.

ಬಂಡೆ ನಿಜ, ಫ್ಲೆಕ್ಸ್ ನಿಜ. ನೀರುನಾಯಿಗಳೂ ನಿಜ. ನನ್ನ ಫೋನಿನಲ್ಲಿ ಒಂದು ಬಾಲ ಬಂದಿದೆ, ಅರ್ಧಕ್ಕೆ ನನ್ನ ಹೆಬ್ಬೆರಳು ಅಡ್ಡ ಬಂದಿದೆ. ಅವನಿಗೆ ಕಳಿಸಿಲ್ಲ. ಕಳಿಸಿದರೂ ಅದರಲ್ಲೇನಿದೆ ಎಂದು ನಾನೇ ಹೇಳಬೇಕಲ್ಲ. ಸುಳ್ಳು ಸೇರಿಸಿದ್ದು ಒಂದೇ ಕಡೆ. ಬೆನ್ನ ಹಿಂದೆ ಯಾರೂ ಬಂದಿರಲಿಲ್ಲ.